ಸ್ಕಾಟ್ಲೆಂಡಿನ ಯುವ ಸಂಗೀತಗಾರರು, ಕಲಾವಿದರು ಧನಸಹಾಯ ಪಡೆಯುವುದು ಹೇಗೆ: ಅರ್ಜಿಯಿಂದ ಲೆಕ್ಕ ಒಪ್ಪಿಸುವವರೆಗೆ

ಗ್ಲಾಸ್ಗೋ, ಎಡಿನ್‌ಬರೊ, ಅಬರ್‌ಡೀನ್ ಕಡೆಯ ಪರಿಚಿತ ಕುಟುಂಬಗಳು ತಮ್ಮ ಮಕ್ಕಳ ಧನಸಹಾಯದ ಅರ್ಜಿಗಳನ್ನು ಕಳಿಸುವ ಮುನ್ನ ‘ಒಮ್ಮೆ ಕಣ್ಣಾಡಿಸಿ’ ಎಂದು ನನ್ನ ಮುಂದಿಡುವುದುಂಟು. ಅವುಗಳಲ್ಲಿ ಮಗುವಿನ ಪ್ರತಿಭೆಯ ಬಗ್ಗೆ ಅನುಮಾನ ಹುಟ್ಟಿಸುವ ಅರ್ಜಿ ಅಪರೂಪ. ಮೊದಲ ಸಲಕ್ಕೇ ಮಂಜೂರಾಗುವ ಅರ್ಜಿಯೂ ಅಷ್ಟೇ ಅಪರೂಪ. ತೊಡಕಿನ ಬೇರು ‘ಅವಾರ್ಡ್’ ಎಂಬ ಪದದಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ನಮ್ಮ ಕಿವಿಗೆ ಅದು ಪ್ರಶಸ್ತಿ ಎಂದು ಕೇಳಿಸುವುದರಿಂದ ಗೆದ್ದ ಬಹುಮಾನ, ಪ್ರಮಾಣಪತ್ರ, ಶಾಲು ಹೊದೆಸಿದ ಫೋಟೊ ಎಲ್ಲವೂ ಅರ್ಜಿಯೊಳಗೆ ಬಂದು ಕೂರುತ್ತವೆ. ಹಣ ಕೊಡುವ ಸಂಸ್ಥೆಯ ಲೆಕ್ಕದಲ್ಲಾದರೋ ಅವಾರ್ಡ್ ಎಂದರೆ ಇನ್ನೂ ಇಡದ ಹೆಜ್ಜೆಯೊಂದರ ಖರ್ಚು. ಆ ಹೆಜ್ಜೆ ಯಾವುದು, ಅದಕ್ಕೆ ಎಷ್ಟು ಬೇಕು, ಎಷ್ಟು ಕಡಿಮೆ ಬೀಳುತ್ತಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಅರ್ಜಿಯನ್ನು ಎಷ್ಟು ಪದಕಗಳೂ ಉಳಿಸಲಾರವು.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸಿ. ಹೆಚ್ಚಿನವರು ಮೊದಲು ನಿಧಿಯನ್ನು ಹುಡುಕಿ, ಆಮೇಲೆ ಅದಕ್ಕೆ ಹೊಂದುವ ಯೋಜನೆಯನ್ನು ಹೆಣೆಯುತ್ತಾರೆ. ದಿನಕ್ಕೆ ಹತ್ತಾರು ಅರ್ಜಿ ಓದುವವರಿಗೆ ಆ ಹೆಣಿಗೆ ಕಾಣದೇ ಇರುವುದಿಲ್ಲ.

ಮೊದಲು ಕೈಯಲ್ಲಿರಬೇಕಾದದ್ದು

ವಯಸ್ಸಿನ ದಾಖಲೆ, ಸ್ಕಾಟ್ಲೆಂಡಿನಲ್ಲಿ ಎಂದಿನಿಂದ ವಾಸವಿದ್ದೀರಿ ಎಂಬುದಕ್ಕೆ ಪುರಾವೆ, ಮನೆಯ ಆದಾಯದ ಕಾಗದಗಳು, ಅರ್ಜಿದಾರರ ಹೆಸರಿನಲ್ಲೇ ಇರುವ ಬ್ರಿಟನ್ನಿನ ಬ್ಯಾಂಕ್ ಖಾತೆ, ಶಾಲೆ ಅಥವಾ ಕಾಲೇಜಿನ ಪ್ರವೇಶಪತ್ರ ಇದ್ದರೆ ಅದು, ಮತ್ತು ಕೊನೆಯ ದಿನಾಂಕಗಳನ್ನು ಗುರುತು ಹಾಕಿಕೊಳ್ಳಲು ಒಂದೇ ಒಂದು ಕ್ಯಾಲೆಂಡರ್. ಅಪ್ಪನ ಫೋನಿನಲ್ಲಿ ಒಂದು ದಿನಾಂಕ, ಮಗಳ ಫೋನಿನಲ್ಲಿ ಇನ್ನೊಂದು ಇರುವ ಮನೆಗಳಲ್ಲಿ ಅರ್ಜಿ ತಡವಾಗುವುದನ್ನು ನಾನು ಎರಡು ಸಲ ಕಂಡಿದ್ದೇನೆ.

ಹಂತ 1: ಮುಂದಿನ ಒಂದು ಹೆಜ್ಜೆಯನ್ನು ನಿಗದಿ ಮಾಡಿ

‘ಸಂಗೀತದಲ್ಲಿ ಮುಂದೆ ಬರಬೇಕು’ ಎನ್ನುವುದು ಆಸೆಯೇ ಹೊರತು ಹೆಜ್ಜೆಯಲ್ಲ. ‘ಮುಕ್ಕಾಲು ಅಳತೆಯ ಚೆಲ್ಲೊದಿಂದ ಪೂರ್ಣ ಅಳತೆಯ ಚೆಲ್ಲೊಗೆ ಮುಂದಿನ ಸೆಪ್ಟೆಂಬರಿನೊಳಗೆ ಹೋಗಬೇಕು, ಏಕೆಂದರೆ ಈಗಿನ ವಾದ್ಯದಲ್ಲಿ ಆಡಿಷನ್ನಿನ ಕೃತಿಗಳನ್ನು ನುಡಿಸಲಾಗುವುದಿಲ್ಲ’ ಎನ್ನುವುದು ಹೆಜ್ಜೆ. ಹಾಗೆಯೇ ಮುದ್ರಣ ಕಲೆಯ ವಿದ್ಯಾರ್ಥಿನಿಗೆ ಆರು ವಾರಗಳ ಕಾರ್ಯಾಗಾರದ ಬಾಡಿಗೆ, ಫಿಡಲ್ ನುಡಿಸುವ ಹುಡುಗನಿಗೆ ಒಬ್ಬ ನಿರ್ದಿಷ್ಟ ಶಿಕ್ಷಕರ ಬಳಿ ಹತ್ತು ಪಾಠ. ಹೆಜ್ಜೆಯನ್ನು ಒಂದು ವಾಕ್ಯದಲ್ಲಿ ಬರೆದು, ಅದರಲ್ಲಿ ಏನು, ಎಲ್ಲಿ, ಯಾವಾಗ, ಈಗಲೇ ಏಕೆ ಎಂಬ ನಾಲ್ಕೂ ಇವೆಯೇ ಎಂದು ನೋಡಿ. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಎರಡನೆಯ ಹಂತಕ್ಕೆ ಹೋಗಬೇಡಿ.

ಎಚ್ಚರಿಕೆಯ ಲಕ್ಷಣ: ವಾಕ್ಯದಲ್ಲಿ ‘ಹಾಗೂ’ ಎರಡು ಸಲ ಬಂದರೆ ನೀವು ಎರಡು ಮೂರು ಅರ್ಜಿಗಳನ್ನು ಒಂದರೊಳಗೆ ತುರುಕುತ್ತಿದ್ದೀರಿ.

ಹಂತ 2: ಉಚಿತವಾಗಿ ಸಿಗುವುದನ್ನು ಮೊದಲು ಪಡೆದುಕೊಳ್ಳಿ

ಈ ಹಂತವನ್ನು ಬಿಟ್ಟುಬಿಡುವವರೇ ಹೆಚ್ಚು. ಉಚಿತವಾಗಿ ಸಿಗುವ ಸೌಲಭ್ಯಕ್ಕೆ ಹಣ ಕೇಳಿದ ಅರ್ಜಿ ‘ಇವರು ವಿಚಾರಿಸಿಯೇ ಇಲ್ಲ’ ಎಂಬ ಅಭಿಪ್ರಾಯವನ್ನು ಮೊದಲ ಪುಟದಲ್ಲೇ ಮೂಡಿಸುತ್ತದೆ.

ಸ್ಕಾಟ್ಲೆಂಡಿನ ಸ್ಥಳೀಯ ಆಡಳಿತದ ಶಾಲೆಗಳಲ್ಲಿ ವಾದ್ಯಪಾಠದ ಶುಲ್ಕವನ್ನು 2021ರಲ್ಲಿ ತೆಗೆದುಹಾಕಲಾಯಿತು. ಶಾಲೆಯಲ್ಲಿ ಪಾಠ ಸಿಗುತ್ತಿದ್ದರೂ ಖಾಸಗಿ ಪಾಠಕ್ಕೆ ಹಣ ಕೇಳುವವರು ಶಾಲೆಯ ಪಾಠ ಏಕೆ ಸಾಲುತ್ತಿಲ್ಲ ಎಂಬುದನ್ನು ಹೇಳಲೇಬೇಕು. ಶಾಲೆಯಲ್ಲಿ ಮಗು ಕಲಿಯುತ್ತಿರುವ ವಾದ್ಯವನ್ನು ಶಾಲೆಯ ಮೂಲಕವೇ ಕೊಂಡರೆ ಶೇಕಡ 20ರ ವ್ಯಾಟ್ ತಪ್ಪಿಸುವ ವ್ಯವಸ್ಥೆಯೂ ಇದೆ. ನಿಮ್ಮ ಶಾಲೆ ಅದರಲ್ಲಿ ಸೇರಿದೆಯೇ ಎಂದು ಸಂಗೀತ ಶಿಕ್ಷಕರನ್ನು ಕೇಳಿ. 2022ರ ಜನವರಿ ಕೊನೆಯಿಂದ 22 ವರ್ಷದೊಳಗಿನವರಿಗೆ ಸ್ಕಾಟ್ಲೆಂಡಿನೊಳಗೆ ಬಸ್ ಪ್ರಯಾಣ ಉಚಿತ. ಆದ್ದರಿಂದ 17 ವರ್ಷದ ಹುಡುಗಿಯ ಆಯವ್ಯಯದಲ್ಲಿ ಪರ್ತ್‌ನಿಂದ ಗ್ಲಾಸ್ಗೋಗೆ ಬಸ್ ದರ ಬರೆಯಬಾರದು. ದೊಡ್ಡ ವಾದ್ಯ ಹೊತ್ತು ರೈಲಿನಲ್ಲೇ ಹೋಗಬೇಕೆಂದಿದ್ದರೆ ಆ ಕಾರಣವನ್ನು ಬರೆದು ರೈಲಿನ ದರ ಹಾಕಬೇಕು.

ಇನ್ನೂ ಚಿಕ್ಕ ವಯಸ್ಸಿನ, ತೀವ್ರ ತರಬೇತಿ ಬೇಕಾದ ಮಕ್ಕಳಿಗೆ ಶಾಲೆಯೇ ಪರಿಹಾರವಾಗಬಹುದು. ಎಡಿನ್‌ಬರೊದ ನಗರ ಸಂಗೀತ ಶಾಲೆ, ಪ್ಲಾಕ್ಟನ್ನಿನಲ್ಲಿರುವ ಸಾಂಪ್ರದಾಯಿಕ ಸಂಗೀತದ ರಾಷ್ಟ್ರೀಯ ಕೇಂದ್ರ ಮುಂತಾದವು ಸರ್ಕಾರಿ ಶಾಲೆಗಳೊಳಗೇ ನಡೆಯುತ್ತವೆ, ಪ್ರವೇಶ ಆಡಿಷನ್ ಮೂಲಕ. ಎಡಿನ್‌ಬರೊದ ಸೇಂಟ್ ಮೇರೀಸ್ ಸಂಗೀತ ಶಾಲೆ ಖಾಸಗಿಯಾದರೂ ಅಲ್ಲಿ ಕುಟುಂಬದ ಆದಾಯಕ್ಕೆ ತಕ್ಕಂತೆ ಸ್ಕಾಟ್ಲೆಂಡ್ ಸರ್ಕಾರ ಶುಲ್ಕ ಭರಿಸುವ ವ್ಯವಸ್ಥೆಯಿದೆ. ಶುಲ್ಕದ ಮೊತ್ತ ನೋಡಿ ಬಾಗಿಲಿನಿಂದಲೇ ಹಿಂದಿರುಗಬೇಡಿ.

ಹಂತ 3: ವಯಸ್ಸು ಮತ್ತು ಘಟ್ಟಕ್ಕೆ ತಕ್ಕ ನಿಧಿಯನ್ನು ಆರಿಸಿ

ಇಲ್ಲಿ ಆಗುವ ತಪ್ಪು ಹೆಚ್ಚಾಗಿ ಒಂದೇ: ಸಂಸ್ಥೆಗಳಿಗೆ ಕೊಡುವ ಹಣವನ್ನು ವ್ಯಕ್ತಿಗಳಿಗೆ ಕೊಡುವ ಹಣವೆಂದು ತಿಳಿಯುವುದು. 2003ರಿಂದ ನಡೆಯುತ್ತಿರುವ ಯೂತ್ ಮ್ಯೂಸಿಕ್ ಇನಿಷಿಯೇಟಿವ್ ಹೆಸರು ಕೇಳಿದರೆ ಯುವಕರಿಗೇ ಹಣ ಸಿಗುವಂತೆ ತೋರುತ್ತದೆ. ಅದರ ಹಣ ಹೋಗುವುದು ಸ್ಥಳೀಯ ಆಡಳಿತಗಳಿಗೆ ಮತ್ತು ಸಂಗೀತ ಯೋಜನೆ ನಡೆಸುವ ಸಂಸ್ಥೆಗಳಿಗೆ. ನಿಮ್ಮ ಮಗ ಅಲ್ಲಿ ಅರ್ಜಿದಾರನಾಗಲಾರ, ಅಂಥ ಯೋಜನೆಯೊಂದಕ್ಕೆ ಸೇರಬಲ್ಲ ಅಷ್ಟೇ. ಸ್ಕಾಟ್ಲೆಂಡಿನ ರಾಷ್ಟ್ರೀಯ ಯುವ ವಾದ್ಯವೃಂದದ ಬರ್ಸರಿಯೂ (ಅಗತ್ಯವಿರುವವರಿಗೆ ಕೊಡುವ ಧನಸಹಾಯ) ಹಾಗೆಯೇ: ಮೊದಲು ಆಯ್ಕೆಯಾಗಬೇಕು, ಆಮೇಲೆ ಶಿಬಿರದ ಶುಲ್ಕಕ್ಕೆ ಸಹಾಯ.

ಶಾಲಾ ವಯಸ್ಸಿನ ವಾದ್ಯಗಾರರಿಗೆ, ಅದರಲ್ಲೂ ಕಡಿಮೆ ಆದಾಯದ ಮನೆಯವರಿಗೆ, ಬ್ರಿಟನ್ನಿನಾದ್ಯಂತ ಕೆಲಸ ಮಾಡುವ ಅವಾರ್ಡ್ಸ್ ಫಾರ್ ಯಂಗ್ ಮ್ಯೂಸಿಷಿಯನ್ಸ್ ಎಂಬ ದತ್ತಿ ಸಂಸ್ಥೆಯಿಂದ ಆರಂಭಿಸುವುದು ಸರಿ. ಶನಿವಾರಗಳಲ್ಲಿ ನಡೆಯುವ ಜೂನಿಯರ್ ಕನ್ಸರ್ವೇಟರಿಯ (ಸಂಗೀತ ಮಹಾವಿದ್ಯಾಲಯದ ಕಿರಿಯರ ವಿಭಾಗ) ಪಾಠಕ್ಕೆ ಹಣ ಬೇಕಿದ್ದರೆ ಮೊದಲು ಗ್ಲಾಸ್ಗೋದ ರಾಯಲ್ ಕನ್ಸರ್ವೇಟರಿಯ ಬರ್ಸರಿಯನ್ನೇ ಕೇಳಿ. ಹೊರಗಿನ ನಿಧಿಯವರು ‘ಅಲ್ಲಿ ಕೇಳಿದಿರಾ?’ ಎಂದು ಕೇಳಿಯೇ ಕೇಳುತ್ತಾರೆ.

ಪದವಿಗೆ ಹೋಗುವವರ ದಾರಿ ಬೇರೆ. ಸ್ಕಾಟ್ಲೆಂಡಿನ ನಿವಾಸಿಯಾಗಿ ಅರ್ಹತೆ ಪಡೆದವರು ಸ್ಕಾಟ್ಲೆಂಡಿನಲ್ಲೇ ಮೊದಲ ಪದವಿ ಓದಿದರೆ ವರ್ಷದ 1,820 ಪೌಂಡ್ ಶುಲ್ಕವನ್ನು ವಿದ್ಯಾರ್ಥಿ ಧನಸಹಾಯ ಇಲಾಖೆಯಾದ ಸಾಸ್ ಭರಿಸುತ್ತದೆ, ಆದರೆ ಪ್ರತಿ ವರ್ಷ ಅರ್ಜಿ ಹಾಕಬೇಕು. ಅದೇ ವಿದ್ಯಾರ್ಥಿ ಲಂಡನ್ನಿನ ಸಂಗೀತ ಕಾಲೇಜಿಗೆ ಹೋದರೆ ಶುಲ್ಕಕ್ಕೆ ಸಿಗುವುದು ಸಾಲ. ದತ್ತಿ ನಿಧಿಗಳಿಗೆ ಬರೆಯುವಾಗ ಈ ವ್ಯತ್ಯಾಸವೇ ನಿಮ್ಮ ಕೊರತೆಯ ಲೆಕ್ಕವನ್ನು ನಿರ್ಧರಿಸುತ್ತದೆ.

ಕಲಿಕೆ ಮುಗಿಸಿ ಸ್ವತಂತ್ರವಾಗಿ ಕೆಲಸ ಮಾಡುತ್ತಿರುವವರಿಗೆ ಕಲೆಗಳಿಗೆ ಸರ್ಕಾರದ ಹಣ ಹಂಚುವ ಸಂಸ್ಥೆಯಾದ ಕ್ರಿಯೇಟಿವ್ ಸ್ಕಾಟ್ಲೆಂಡ್ ನಡೆಸುವ, ವ್ಯಕ್ತಿಗಳಿಗೆಂದೇ ಇರುವ ಓಪನ್ ಫಂಡ್ ಇದೆ. ಅರ್ಜಿದಾರರಿಗೆ 18 ತುಂಬಿರಬೇಕು, ಓದಿನ ಭಾಗವಾದ ಕೆಲಸಕ್ಕೆ ಅದು ಹಣ ಕೊಡುವುದಿಲ್ಲ. ಸ್ಕಾಟ್ಲೆಂಡಿನ ಕಾನೂನಿನಲ್ಲಿ 16 ತುಂಬಿದವರು ಒಪ್ಪಂದಕ್ಕೆ ಸಹಿ ಹಾಕಬಹುದು, ಹಾಗಾಗಿ 16ರ ಮಗಳೂ ಅರ್ಜಿ ಹಾಕಬಹುದೆಂದು ಒಬ್ಬರು ನನ್ನೊಡನೆ ವಾದಿಸಿದ್ದರು. ಕಾನೂನಿನ ವಯಸ್ಸು ಒಂದು, ನಿಧಿಯ ನಿಯಮದ ವಯಸ್ಸು ಇನ್ನೊಂದು. ಚಿತ್ರ, ಶಿಲ್ಪ, ಕುಂಬಾರಿಕೆ, ನೇಯ್ಗೆಯಂಥ ಕಲೆಗಳವರು, ಕ್ರಿಯೇಟಿವ್ ಸ್ಕಾಟ್ಲೆಂಡ್ ಸ್ಥಳೀಯ ಆಡಳಿತಗಳ ಜೊತೆಗೂಡಿ ಕೊಡುವ ‘ವ್ಯಾಕ್ಮಾ’ ಎಂಬ ಚಿಕ್ಕ ಬರ್ಸರಿಗಳನ್ನು ತಮ್ಮ ಜಿಲ್ಲೆಯಲ್ಲಿ ವಿಚಾರಿಸಬೇಕು. ಕಲಾಶಾಲೆಯ ಕೊನೆಯ ವರ್ಷದವರಿಗೆ ಎಡಿನ್‌ಬರೊದ ರಾಯಲ್ ಸ್ಕಾಟಿಷ್ ಅಕಾಡೆಮಿ, ಫ್ಲಾರೆನ್ಸಿಗೆ ಹೋಗಿ ಕೆಲಸ ಮಾಡಲು, ಜಾನ್ ಕಿನ್‌ರಾಸ್ ವಿದ್ಯಾರ್ಥಿವೇತನವನ್ನು ಕೊಡುತ್ತದೆ.

ಪ್ರತಿಭೆ ಮತ್ತು ಅಗತ್ಯ ಎರಡನ್ನೂ ಒಟ್ಟಿಗೆ ಅಳೆಯುವ ನಿಧಿಗೆ ಮಾದರಿಯೆಂದರೆ ಡ್ಯೂವರ್ ಆರ್ಟ್ಸ್ ಅವಾರ್ಡ್ಸ್. ಸ್ಕಾಟ್ಲೆಂಡಿನ ಮೊದಲ ಫಸ್ಟ್ ಮಿನಿಸ್ಟರ್ (ಸರ್ಕಾರದ ಮುಖ್ಯಸ್ಥ) ಡೊನಾಲ್ಡ್ ಡ್ಯೂವರ್ ಅವರ ನೆನಪಿಗಾಗಿ 2002ರಲ್ಲಿ ಸ್ಥಾಪಿಸಿದ ಇದು, ಅಸಾಧಾರಣ ಪ್ರತಿಭೆಯಿದ್ದೂ ಹಣವಿಲ್ಲದೆ ನಿಂತುಹೋಗುವ 30 ವರ್ಷದೊಳಗಿನವರಿಗಾಗಿ ರೂಪಿಸಿದ್ದು. ಇಂಥ ನಿಧಿಗೆ ಬರೆಯುವಾಗ ಪ್ರತಿಭೆಯ ಪುರಾವೆ ಅರ್ಧ, ಆದಾಯದ ಪುರಾವೆ ಇನ್ನರ್ಧ.

ಯಾವ ನಿಧಿಯಾದರೂ ಈ ವರ್ಷ, ಈ ತಿಂಗಳು ಅರ್ಜಿ ತೆಗೆದುಕೊಳ್ಳುತ್ತಿದೆಯೇ ಎಂದು ಅದರ ಜಾಲತಾಣದಲ್ಲೇ ನೋಡಿ. 2024ರ ಆಗಸ್ಟಿನಲ್ಲಿ, ಸರ್ಕಾರದಿಂದ 66 ಲಕ್ಷ ಪೌಂಡ್ ಬರುವುದು ಖಚಿತವಾಗದ ಕಾರಣ, ಕ್ರಿಯೇಟಿವ್ ಸ್ಕಾಟ್ಲೆಂಡ್ ವ್ಯಕ್ತಿಗಳ ಓಪನ್ ಫಂಡನ್ನು ಕೆಲವೇ ದಿನಗಳ ಮುನ್ಸೂಚನೆಯೊಂದಿಗೆ ಮುಚ್ಚಿತು. ಕಲಾವಿದರ ಪ್ರತಿಭಟನೆಯ ನಂತರ ಹಣ ಬಂದು ನಿಧಿ ಮತ್ತೆ ತೆರೆಯಿತು. ‘ವರ್ಷವಿಡೀ ತೆರೆದಿರುತ್ತದೆ’ ಎಂಬ ಮಾತನ್ನು ನಂಬಿ ಕೂತವರು ಆಗ ಕಂಗಾಲಾದರು.

ಹಂತ 4: ವಾಸದ ನಿಯಮ

‘ಸ್ಕಾಟಿಷ್’ ಎಂಬ ಪದ ನೋಡಿ ಹಿಂಜರಿಯುವ ಕನ್ನಡ ಕುಟುಂಬಗಳಿವೆ. ಹೆಚ್ಚಿನ ನಿಧಿಗಳು ಕೇಳುವುದು ಹುಟ್ಟನ್ನಲ್ಲ, ವಾಸವನ್ನು. ಆದರೆ ವಾಸದ ಅರ್ಥ ಒಂದೊಂದು ಕಡೆ ಒಂದೊಂದು. ಸಾಸ್‌ಗೆ, ಸಾಮಾನ್ಯವಾಗಿ ಓದು ಶುರುವಾಗುವ ವರ್ಷದ ಆಗಸ್ಟ್ 1ರಂದು ಸ್ಕಾಟ್ಲೆಂಡಿನಲ್ಲಿ ನೆಲೆಸಿರಬೇಕು, ಅದಕ್ಕೆ ಹಿಂದಿನ ಮೂರು ವರ್ಷ ಬ್ರಿಟನ್ನಿನಲ್ಲಿ ವಾಸವಿರಬೇಕು, ವೀಸಾ ಸ್ಥಿತಿಯೂ ನಿಯಮಕ್ಕೆ ಹೊಂದಬೇಕು. ಆ ಮೂರು ವರ್ಷಗಳ ನಡುವೆ ಅಜ್ಜಿಯ ಆರೈಕೆಗೆಂದು ಒಂದು ವರ್ಷ ಮೈಸೂರಿನಲ್ಲಿದ್ದಿದ್ದರೆ ಮುಚ್ಚಿಡದೆ, ಕಾರಣ ಮತ್ತು ದಿನಾಂಕಗಳೊಂದಿಗೆ ಮೊದಲೇ ಬರೆದು ಕೇಳಿ.

ಹಂತ 5: ಕ್ಯಾಲೆಂಡರನ್ನು ಹಿಂದಿನಿಂದ ತುಂಬಿ

ಹಣ ಬೇಕಾಗುವ ದಿನದಿಂದ ಹಿಂದಕ್ಕೆ ಎಣಿಸಿ. ಬ್ರಿಟನ್ನಿನ ಕನ್ಸರ್ವೇಟರಿಗಳ ಸಂಗೀತ ಪದವಿಗೆ ಅರ್ಜಿ ಹಾಕುವ ಗಡುವು ಹಿಂದಿನ ವರ್ಷದ ಅಕ್ಟೋಬರ್ ಆರಂಭದಲ್ಲೇ ಮುಗಿಯುತ್ತದೆ. ಉಳಿದ ವಿಶ್ವವಿದ್ಯಾಲಯಗಳಂತೆ ಜನವರಿಯವರೆಗೆ ಸಮಯವಿದೆ ಎಂದುಕೊಂಡವರು ಒಂದಿಡೀ ವರ್ಷ ಕಳೆದುಕೊಳ್ಳುತ್ತಾರೆ. ಆಡಿಷನ್‌ಗೆ ಒಳ್ಳೆಯ ವಾದ್ಯ ಬೇಕಿದ್ದರೆ ಅದು ಕೈಗೆ ಬಂದು ಪಳಗಲು ಕೆಲವು ತಿಂಗಳಾದರೂ ಬೇಕು. ಎಂದರೆ ವಾದ್ಯದ ಹಣಕ್ಕೆ ಅರ್ಜಿ ಅದಕ್ಕೂ ಹಿಂದಿನ ಚಳಿಗಾಲದಲ್ಲೇ ಹೋಗಿರಬೇಕು. ಸಣ್ಣ ದತ್ತಿಗಳ ಟ್ರಸ್ಟಿಗಳು ಪ್ರತಿ ವಾರ ಸೇರುವವರಲ್ಲ. ಮುಂದಿನ ಸಭೆ ಯಾವಾಗ ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ.

ಸ್ಕಾಟ್ಲೆಂಡಿನ ಶಾಲೆಗಳು ಜೂನ್ ಕೊನೆಗೆ ಮುಚ್ಚಿ ಆಗಸ್ಟ್ ಮಧ್ಯದಲ್ಲಿ ತೆರೆಯುತ್ತವೆ. ಜುಲೈನಲ್ಲಿ ಶಿಕ್ಷಕರ ಶಿಫಾರಸು ಪತ್ರ ಬೇಕೆಂದರೆ ಯಾರೂ ಸಿಗುವುದಿಲ್ಲ.

ಹಂತ 6: ಆಯವ್ಯಯ, ಅರ್ಜಿಯ ನಿಜವಾದ ಪ್ರಬಂಧ

ಅರ್ಜಿ ಓದುವವರಲ್ಲಿ ಅನೇಕರು ಮೊದಲು ತೆರೆಯುವುದು ಈ ಪುಟವನ್ನೇ ಎಂದು ನನ್ನ ಊಹೆ. ಸುಳ್ಳು ಹೇಳಲಾಗದ ಪುಟ ಇದೊಂದೇ. ಉದಾಹರಣೆಗೆಂದೇ ಕಟ್ಟಿದ ಲೆಕ್ಕವೊಂದನ್ನು ನೋಡಿ. ಚೆಲ್ಲೊಗೆ 6,000 ಪೌಂಡ್, ನುಡಿಸುವ ಬಿಲ್ಲಿಗೆ (ಬೋ) 900, ಪೆಟ್ಟಿಗೆಗೆ 450, ಬ್ರಿಡ್ಜ್ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಮತ್ತು ತಂತಿಗಳ ಹೊಂದಾಣಿಕೆಗೆ 130, ಮೊದಲ ವರ್ಷದ ವಿಮೆಗೆ 120, ಒಟ್ಟು 7,600. ಹಳೆಯ ವಾದ್ಯ ಮಾರಿದರೆ 1,400, ಮನೆಯ ಉಳಿತಾಯ 1,000, ಇನ್ನೊಂದು ಟ್ರಸ್ಟಿಗೆ ಹಾಕಿ ಉತ್ತರಕ್ಕಾಗಿ ಕಾಯುತ್ತಿರುವ ಅರ್ಜಿ 1,500, ಒಟ್ಟು 3,900. ಕೇಳಬೇಕಾದದ್ದು 3,700.

ಅನುಭವವಿಲ್ಲದವರು ಬರೆಯುವುದು ಒಂದೇ ಸಾಲು: ‘ಚೆಲ್ಲೊ, 6,000’. ಬಿಲ್ಲು, ಪೆಟ್ಟಿಗೆ, ವಿಮೆ ಬಿಟ್ಟುಹೋಗುತ್ತವೆ, ಹಣ ಬಂದಮೇಲೆ ಚೆಲ್ಲೊ ಬಿಲ್ಲಿಲ್ಲದೆ ಮೂಲೆಯಲ್ಲಿ ಕೂರುತ್ತದೆ. ಇನ್ನು ಕೆಲವರು ಸಂಕೋಚದಿಂದ ಕಡಿಮೆ ಕೇಳುತ್ತಾರೆ. ಅಗತ್ಯಕ್ಕಿಂತ ಕಡಿಮೆ ಕೇಳುವುದು ನಮ್ಮಲ್ಲಿ ಸಜ್ಜನಿಕೆ ಎನಿಸಿಕೊಳ್ಳಬಹುದು. ಇಲ್ಲಿ ಉಳಿದ ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಎಬ್ಬಿಸುತ್ತದೆ, ಉತ್ತರವಿಲ್ಲದಿದ್ದರೆ ಯೋಜನೆಯೇ ನಡೆಯಲಾರದೆಂದು ತೀರ್ಮಾನವಾಗುತ್ತದೆ. ಇನ್ನೂ ಮಂಜೂರಾಗದ ಹಣವನ್ನು ಬಂದ ಹಣದಂತೆ ತೋರಿಸಬೇಡಿ, ‘ಕಾಯುತ್ತಿದೆ’ ಎಂದು ಗುರುತಿಸಿ.

ಎರಡು ಅಂಗಡಿಗಳಿಂದಾದರೂ ಲಿಖಿತ ಕೊಟೇಷನ್ ಪಡೆಯಿರಿ, ವ್ಯಾಟ್ ಸೇರಿದೆಯೇ ಎಂದು ಅದರಲ್ಲೇ ಬರೆಸಿ. ಹಳೆಯ ಬ್ಯಾಗ್‌ಪೈಪ್ ಅಥವಾ ಹಳೆಯ ಬಿಲ್ಲು ಕೊಳ್ಳುವವರು ಆನೆದಂತದ ಬಗ್ಗೆ ಎಚ್ಚರವಾಗಿರಬೇಕು: 2022ರ ಜೂನಿನಿಂದ ಬ್ರಿಟನ್ನಿನಲ್ಲಿ ದಂತವಿರುವ ವಸ್ತುಗಳ ಮಾರಾಟಕ್ಕೆ ನಿಷೇಧವಿದೆ. 1975ಕ್ಕೆ ಮೊದಲು ತಯಾರಾದ, ಶೇಕಡ 20ಕ್ಕಿಂತ ಕಡಿಮೆ ದಂತವಿರುವ ವಾದ್ಯಗಳಿಗೆ ವಿನಾಯಿತಿ ಇದ್ದರೂ ಅದನ್ನು ನೋಂದಾಯಿಸಿರಬೇಕು. ನೋಂದಣಿ ತೋರಿಸದ ಮಾರಾಟಗಾರನಿಗೆ ದತ್ತಿಯ ಹಣ ಕೊಡಬೇಡಿ.

ಎಲ್ಲಕ್ಕಿಂತ ದೊಡ್ಡ ತಪ್ಪು, ತೀರ್ಮಾನಕ್ಕೆ ಮೊದಲೇ ಕೊಂಡುಬಿಡುವುದು. ಆಗಿಹೋದ ಖರ್ಚಿಗೆ ಹಣ ಕೊಡುವ ನಿಧಿ ಸಿಗುವುದು ಕಷ್ಟ. ‘ಅಂಗಡಿಯವನು ಬೇರೆಯವರಿಗೆ ಮಾರಿಬಿಡುತ್ತಾನೆ’ ಎಂಬ ಭಯವಿದ್ದರೆ ಕೆಲವು ವಾರ ಪರೀಕ್ಷೆಗೆ ಮನೆಗೊಯ್ಯಲು ಕೇಳಿ. ತಂತಿವಾದ್ಯದ ಅಂಗಡಿಗಳಲ್ಲಿ ಇದು ರೂಢಿಯಲ್ಲಿದೆ.

ಹಂತ 7: ಶಿಫಾರಸು ಪತ್ರ

ಪತ್ರ ಬರೆಯುವವರು ದೊಡ್ಡ ಹೆಸರಿನವರಾಗಿರಬೇಕಿಲ್ಲ, ಅರ್ಜಿದಾರರ ಕೆಲಸವನ್ನು ಇತ್ತೀಚೆಗೆ ಹತ್ತಿರದಿಂದ ಕಂಡವರಾಗಿರಬೇಕು. ಬೆಂಗಳೂರಿನ ಹೆಸರಾಂತ ವಿದ್ವಾಂಸರೊಬ್ಬರು ಐದು ವರ್ಷದ ಹಿಂದೆ ಒಂದು ಬೇಸಿಗೆ ಪಾಠ ಹೇಳಿಕೊಟ್ಟು ಬರೆದ ‘ಉಜ್ವಲ ಭವಿಷ್ಯವಿದೆ’ ಎಂಬ ಆಶೀರ್ವಾದಕ್ಕಿಂತ, ಡಂಡೀಯ ಶಾಲಾ ಶಿಕ್ಷಕಿ ‘ಈ ವರ್ಷ ಇವಳ ಎಡಗೈಯ ಕೆಲಸ ಇಷ್ಟು ಮುಂದುವರಿದಿದೆ, ಈಗಿನ ವಾದ್ಯ ಇಲ್ಲಿ ಅಡ್ಡಿಯಾಗುತ್ತಿದೆ’ ಎಂದು ಬರೆದ ಎರಡು ಸಾಲು ಹೆಚ್ಚು ತೂಗುತ್ತವೆ. ಕರ್ನಾಟಕ ಸಂಗೀತ ಅಥವಾ ಭರತನಾಟ್ಯ ಕಲಿಯುವವರು ಗುರುಗಳ ಪತ್ರದ ಜೊತೆಗೆ ಆ ಕಲೆಯನ್ನರಿಯದ ಓದುಗರಿಗೆ ಮಟ್ಟವನ್ನು ವಿವರಿಸುವ ಒಂದು ಪ್ಯಾರಾ ಸೇರಿಸಿ: ವರ್ಣದಿಂದ ಪೂರ್ಣ ಕಛೇರಿಗೆ ಹೋಗುವುದು ಎಂದರೇನು, ಅದಕ್ಕೆ ಎಷ್ಟು ವರ್ಷ ಹಿಡಿಯುತ್ತದೆ.

ಬರೆಯುವವರಿಗೆ ಹೆಜ್ಜೆಯ ವಾಕ್ಯ, ಆಯವ್ಯಯ, ಗಡುವು ಮೂರನ್ನೂ ಒಂದು ತಿಂಗಳು ಮೊದಲೇ ಕೊಡಿ. ಪತ್ರದಲ್ಲಿ ‘ಪಾಠಕ್ಕೆ’ ಎಂದಿದ್ದು ಅರ್ಜಿಯಲ್ಲಿ ‘ವಾದ್ಯಕ್ಕೆ’ ಎಂದಿರುವ ಪ್ರಕರಣಗಳು ನೀವು ಅಂದುಕೊಂಡಷ್ಟು ವಿರಳವಲ್ಲ. ಬಂಧುಗಳು ಬರೆಯಬಾರದು, ಉಪನಾಮ ಬೇರೆಯಾದರೂ.

ಹಂತ 8: ಧ್ವನಿಮುದ್ರಣ ಮತ್ತು ಚಿತ್ರಗಳು

ಒಂದೇ ಓಟದಲ್ಲಿ ತೆಗೆದ, ನಡುವೆ ಕತ್ತರಿಸದ ಧ್ವನಿಮುದ್ರಣ ಕೊಡಿ. ಪ್ರತಿಧ್ವನಿ ಸೇರಿಸಿ ಚಂದಗಾಣಿಸಿದರೆ ಸ್ವರದ ಗುಣ ಕೇಳಿಸದೆ ಅನುಮಾನ ಮೂಡುತ್ತದೆ. ಪುಸ್ತಕಗಳೂ ಪರದೆಗಳೂ ಇರುವ ಕೋಣೆಯಲ್ಲಿ ಫೋನನ್ನು ಎರಡು ಮೀಟರ್ ದೂರದಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿದರೂ ಸಾಕು. ಉತ್ತಮ ಭಾಗವನ್ನು ಆರಂಭದಲ್ಲೇ ಇಡಿ; ದೀರ್ಘ ಆಲಾಪನೆಯ ಕೊನೆಗೆ ಬರುವ ಸೊಗಸನ್ನು ತಲುಪುವಷ್ಟು ಸಮಯ ಕೇಳುವವರಿಗೆ ಇರುವುದಿಲ್ಲ. ಚಿತ್ರಕಲಾವಿದರು ಹಗಲಿನ ಬೆಳಕಿನಲ್ಲಿ, ನೆರಳು ಬೀಳದಂತೆ ತೆಗೆದ ಚಿತ್ರಗಳಿಗೆ ಅಳತೆ, ಮಾಧ್ಯಮ, ವರ್ಷ ಬರೆಯಬೇಕು. ಖಾಸಗಿ ಕೊಂಡಿ ಕಳಿಸುವುದಾದರೆ ಬೇರೆಯವರ ಫೋನಿನಲ್ಲಿ ತೆರೆದು ಪರೀಕ್ಷಿಸಿ.

ಹಂತ 9: ನಿಮ್ಮ ಮಾತು

ಹೇಳಿಕೆಯನ್ನು ಅರ್ಜಿದಾರರೇ ಬರೆಯಬೇಕು. ಹದಿನೈದರ ಹುಡುಗ ‘ಸಾಂಸ್ಕೃತಿಕ ಪರಂಪರೆಯ ಸಂರಕ್ಷಣೆಯಲ್ಲಿ ನನ್ನ ಪಾತ್ರ’ ಎಂದು ಬರೆದರೆ ಅಪ್ಪನ ಕೈ ಎಲ್ಲರಿಗೂ ಕಾಣುತ್ತದೆ. ಅಪ್ಪ ಅಮ್ಮಂದಿರು ಕಾಗುಣಿತ ತಿದ್ದಲಿ, ವಾಕ್ಯ ತಿದ್ದುವುದು ಬೇಡ.

ಆದಾಯದ ಪ್ರಶ್ನೆಗೆ ಬಂದಾಗ ನಮ್ಮವರ ಕೈ ನಡುಗುತ್ತದೆ. ‘ದೇವರ ದಯೆಯಿಂದ ನಡೆಯುತ್ತಿದೆ’ ಎಂಬ ಧಾಟಿ ಇಲ್ಲಿ ಅರ್ಜಿಯನ್ನು ಕೊಲ್ಲುತ್ತದೆ, ಗೋಳಾಟವೂ ಅಷ್ಟೇ. ಇಬ್ಬರು ದುಡಿಯುವವರಲ್ಲಿ ಒಬ್ಬರ ಕೆಲಸ ಹೋಗಿದೆ, ಬಾಡಿಗೆ ಇಷ್ಟು, ಊರಿಗೆ ಪ್ರತಿ ತಿಂಗಳು ಇಷ್ಟು ಕಳಿಸಬೇಕು ಎಂದು ಅಂಕಿಗಳಲ್ಲಿ ಬರೆಯಿರಿ. ಊರಿಗೆ ಕಳಿಸುವ ಹಣ ಬ್ಯಾಂಕಿನ ದಾಖಲೆಯಲ್ಲಿ ಕಾಣುತ್ತದೆ, ವಿವರಿಸದಿದ್ದರೆ ಅದನ್ನು ಉಳಿತಾಯವೆಂದು ಓದಿಕೊಳ್ಳುವ ಸಾಧ್ಯತೆಯಿದೆ.

ಮೋಸದ ಲಕ್ಷಣಗಳು

ಸ್ಕಾಟ್ಲೆಂಡಿನ ನೋಂದಾಯಿತ ದತ್ತಿ ಸಂಸ್ಥೆಗಳ ಸಂಖ್ಯೆ ‘ಎಸ್‌ಸಿ’ ಅಕ್ಷರಗಳಿಂದ ಆರಂಭವಾಗಿ ಆರು ಅಂಕಿಗಳನ್ನು ಹೊಂದಿರುತ್ತದೆ, ದತ್ತಿ ನಿಯಂತ್ರಕ ಸಂಸ್ಥೆಯಾದ ಆಸ್ಕರ್‌ನ ಪಟ್ಟಿಯಲ್ಲಿ ಯಾರು ಬೇಕಾದರೂ ಅದನ್ನು ಹುಡುಕಬಹುದು. ಹಣ ಮಂಜೂರಾಗಿದೆ, ಬಿಡುಗಡೆಗೆ ‘ಸಂಸ್ಕರಣಾ ಶುಲ್ಕ’ ಕಟ್ಟಿ ಎನ್ನುವವರು, ಅರ್ಜಿಯನ್ನೇ ಹಾಕದ ನಿಧಿಯಿಂದ ‘ನೀವು ಆಯ್ಕೆಯಾಗಿದ್ದೀರಿ’ ಎಂದು ಬರೆಯುವವರು, ಮಂಜೂರಾದ ಹಣದಲ್ಲಿ ಪಾಲು ಕೇಳಿ ಅರ್ಜಿ ಬರೆದುಕೊಡುವವರು, ಈ ಮೂವರಿಂದಲೂ ದೂರವಿರಿ.

ಹಂತ 10: ಉತ್ತರ ಬಂದ ಮೇಲೆ

ಮಂಜೂರಾದರೆ ಷರತ್ತುಗಳ ಪತ್ರವನ್ನು ಓದಿ, ಸಹಿ ಹಾಕಿ ಕಳಿಸಿದ ಮೇಲೆಯೇ ಖರ್ಚು ಆರಂಭಿಸಿ. ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಯೂನಿವರ್ಸಲ್ ಕ್ರೆಡಿಟ್ ಪಡೆಯುವ ಮನೆಯವರು ಹಣ ಖಾತೆಗೆ ಬರುವ ಮೊದಲೇ ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಕಚೇರಿಯಲ್ಲಿ ವಿಚಾರಿಸಬೇಕು, ಏಕೆಂದರೆ ಉಳಿತಾಯ 6,000 ಪೌಂಡ್ ದಾಟಿದರೆ ಆ ನೆರವು ಕಡಿಮೆಯಾಗತೊಡಗುತ್ತದೆ. ಹಣವನ್ನು ನೇರವಾಗಿ ಅಂಗಡಿಗೋ ಕಾಲೇಜಿಗೋ ಕಳಿಸಿ ಎಂದು ನಿಧಿಯವರನ್ನು ಕೇಳಿಕೊಳ್ಳಬಹುದು. ರಸೀದಿಗಳ ಫೋಟೊವನ್ನು ಕೊಂಡ ದಿನವೇ ತೆಗೆದಿಡಿ. ಯೋಜನೆ ಬದಲಾದರೆ, ಉದಾಹರಣೆಗೆ ಶಿಕ್ಷಕರು ಊರು ಬಿಟ್ಟರೆ, ಹಣವನ್ನು ಬೇರೆ ಪಾಠಕ್ಕೆ ತಿರುಗಿಸುವ ಮುನ್ನ ಲಿಖಿತ ಅನುಮತಿ ಪಡೆಯಿರಿ.

ತಿರಸ್ಕೃತವಾದರೆ ಎರಡು ವಾರ ಬಿಟ್ಟು ಅಭಿಪ್ರಾಯ ಕೇಳಿ. ‘ಅರ್ಜಿಗಳು ಹೆಚ್ಚು ಬಂದಿದ್ದವು’ ಎಂಬ ಉತ್ತರ ಬಂದರೆ ಅರ್ಜಿಯಲ್ಲಿ ದೊಡ್ಡ ದೋಷವಿಲ್ಲದಿರಬಹುದು. ‘ಯೋಜನೆ ಸ್ಪಷ್ಟವಿಲ್ಲ’ ಎಂದರೆ ಮೊದಲನೆಯ ಹಂತಕ್ಕೆ, ‘ಅಗತ್ಯ ಮನವರಿಕೆಯಾಗಲಿಲ್ಲ’ ಎಂದರೆ ಆರನೆಯ ಮತ್ತು ಒಂಬತ್ತನೆಯ ಹಂತಗಳಿಗೆ ಹಿಂದಿರುಗಿ. ಅದೇ ನಿಧಿಗೆ ಮತ್ತೆ ಯಾವಾಗ ಅರ್ಜಿ ಹಾಕಬಹುದೆಂಬ ನಿಯಮವನ್ನು ನೋಡಿಕೊಂಡು, ಹೊಸ ಕೊಟೇಷನ್, ಹೊಸ ಧ್ವನಿಮುದ್ರಣ, ಹೊಸ ದಿನಾಂಕದ ಶಿಫಾರಸು ಪತ್ರಗಳೊಂದಿಗೆ ಹಾಕಿ. ಹಳೆಯ ಪತ್ರದ ದಿನಾಂಕ ಮಾತ್ರ ತಿದ್ದಿ ಕಳಿಸಿದ್ದು ಗೊತ್ತಾದರೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ.